ಎರಡು ತಾಸು, ಒಂದು ಸೀಸೆ: ಕುಡಿದು ವಾಹನ ನಡೆಸಿದ ಪ್ರಕರಣಗಳಲ್ಲಿ ಮದ್ಯಸಾರ ಪರೀಕ್ಷೆ

(ಮುನವಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಜಾನಪದ, ಏಕೀಕರಣ ಎಂದು ಕಿವಿಗೊಟ್ಟು ಬಂದವರೇ ಇಲ್ಲಿ ಹೆಚ್ಚು ಇರಬಹುದು. ಪಂಚಲಿಂಗೇಶ್ವರನ ಗುಡಿ, ಶಾಸನ, ಮಲಪ್ರಭೆಯ ದಂಡೆ ಇರುವ ಊರಲ್ಲಿ ಅಂಥ ವಿಷಯಗಳಿಗೆ ಬರವಿಲ್ಲ. ಆದರೂ ಇಂದು ಹೆಂಡದ ಲೆಕ್ಕ ಮಾತಾಡಲು ನಿಂತಿದ್ದೇನೆ. ಕಬ್ಬಿನ ಹಂಗಾಮಿನಲ್ಲಿ ಸವದತ್ತಿ, ಮುನವಳ್ಳಿ, ಯರಗಟ್ಟಿ ರಸ್ತೆಯಲ್ಲಿ ರಾತ್ರಿಯಿಡೀ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಓಡುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಮೂರು ರಾಜ್ಯಗಳ ಜನ ಚಕ್ಕಡಿ, ಟೆಂಪೋ, ಬೈಕು ಏರಿ ಬರುತ್ತಾರೆ. ಇಂಥ ರಸ್ತೆಯಲ್ಲಿ ಅಪಘಾತವಾದಾಗ ನೆರೆದವರ ಬಾಯಲ್ಲಿ ಮೊದಲು ಬರುವ ಮಾತು, "ಕುಡದಿದ್ದಾ?" ಆ ಪ್ರಶ್ನೆಗೆ ನ್ಯಾಯಾಲಯ ಒಪ್ಪುವ ಉತ್ತರ ಹೇಗೆ ಸಿಗುತ್ತದೆ, ಹೇಗೆ ಕೈತಪ್ಪುತ್ತದೆ ಎನ್ನುವುದೇ ಇಂದಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ. ಈ ಉತ್ತರ ಕೆಡುವುದು ಪ್ರಯೋಗಾಲಯದ ಯಂತ್ರದಲ್ಲಿ ಅಲ್ಲ. ಅದು ಕೆಡುವುದು ಅಪಘಾತದ ನಂತರದ ಎರಡು ತಾಸಿನಲ್ಲಿ, ಮತ್ತು ಐದು ಮಿಲಿಲೀಟರ್ ರಕ್ತ ಹಿಡಿಯುವ ಒಂದು ಸಣ್ಣ ಸೀಸೆಯಲ್ಲಿ. ಆ ಎರಡು ತಾಸೂ ಆ ಸೀಸೆಯೂ ಬೆಂಗಳೂರಿನವರ ಕೈಯಲ್ಲಿಲ್ಲ, ನಮ್ಮ ತಾಲೂಕಿನವರ ಕೈಯಲ್ಲಿವೆ.

ನಡಿಗೆ ನೋಡುತ್ತಿದ್ದ ಕಾಲ

1956ರ ನವೆಂಬರ್ 1ರ ತನಕ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ನಮಗೂ ಅನ್ವಯಿಸುತ್ತಿತ್ತು. ಆಗ ಕುಡಿದದ್ದೇ ಅಪರಾಧ. ಎಷ್ಟು ಕುಡಿದ ಎಂಬ ಮಾತೇ ಬರುತ್ತಿರಲಿಲ್ಲ. ಬಾಯಿಯ ವಾಸನೆ ನೋಡು, ನಡೆಸಿ ನೋಡು, ಕಣ್ಣಿಗೆ ಬೆಳಕು ಹಾಕಿ ಪಾಪೆ ನೋಡು, ಮಾತಾಡಿಸಿ ನೋಡು. ವೈದ್ಯರ ಪರೀಕ್ಷೆ ಅಷ್ಟಕ್ಕೆ ಮುಗಿಯುತ್ತಿತ್ತು.

ಇದರ ಕಷ್ಟ ಪೆಸಿಕಾಕಾ ಪ್ರಕರಣದಲ್ಲಿ ಬಯಲಾಯಿತು. 1951ರ ಮೇ ತಿಂಗಳ ಒಂದು ರಾತ್ರಿ ಮುಂಬಯಿಯಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ಜೀಪು ದಾರಿಹೋಕರಿಗೆ ಬಡಿಯಿತು. ಬಾಯಲ್ಲಿ ಮದ್ಯದ ವಾಸನೆ ಇತ್ತು. ಊಟವಾದ ಮೇಲೆ ಟಾನಿಕ್ ಕುಡಿದೆ, ಅದರಲ್ಲೇ ಮದ್ಯಸಾರವಿದೆ ಎಂದು ಆತ ವಾದಿಸಿದ. ಆ ಟಾನಿಕ್ಕಿನಲ್ಲಿ ಶೇಕಡ 17ರಷ್ಟು ಮದ್ಯಸಾರ ಇದ್ದದ್ದು ನಿಜ. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ 1954ರಲ್ಲಿ ಆತನ ಬಿಡುಗಡೆಯಾಯಿತು. ವಾಸನೆಯೇನೋ ಸಿಕ್ಕಿತ್ತು. ಅದು ಯಾವುದರ ವಾಸನೆ ಎಂದು ಮೂಗು ಹೇಳಲಾರದು.

1971ರಲ್ಲಿ ಬಚುಭಾಯಿ ಕರ್ಯಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು, ಪಾಪೆ ಹಿಗ್ಗಿತ್ತು ಎಂದು ವೈದ್ಯರು ಬರೆದಿದ್ದರು. ರಕ್ತದ ಪರೀಕ್ಷೆಯೂ ಇಲ್ಲ, ಮೂತ್ರದ ಪರೀಕ್ಷೆಯೂ ಇಲ್ಲ. ಇಷ್ಟರಿಂದ ಕುಡಿದಿದ್ದ ಎಂದು ಖಚಿತವಾಗಿ ಹೇಳಲಾಗದು ಎಂದಿತು ನ್ಯಾಯಾಲಯ. ಅಪಘಾತ ಮಾಡಿದವನು ಕುಡಿಯದಿದ್ದರೂ ಗಾಬರಿಯಲ್ಲಿ ನಡುಗುತ್ತಾನೆ, ತೊದಲುತ್ತಾನೆ. ತಲೆಗೆ ಪೆಟ್ಟು ಬಿದ್ದವನು ತೂರಾಡುತ್ತಾನೆ. ರಕ್ತದ ಸಕ್ಕರೆ ಇಳಿದವನು ಕುಡುಕನಂತೆಯೇ ಕಾಣುತ್ತಾನೆ. ಇವರಲ್ಲಿ ಒಬ್ಬನನ್ನು "ಬಿಡ್ರಿ, ನಶೆದಾಗ ಅದಾನ" ಎಂದು ಠಾಣೆಯ ಬೆಂಚಿನ ಮೇಲೆ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಆತ ಸತ್ತಿರಬಹುದು. ಆದ್ದರಿಂದ ಪರೀಕ್ಷೆ ಬೇಕಾಗಿರುವುದು ಕುಡಿದವನನ್ನು ಹಿಡಿಯಲು ಮಾತ್ರವಲ್ಲ, ಕುಡಿಯದವನನ್ನು ಉಳಿಸಲೂ ಹೌದು.

ಮೂವತ್ತರ ಗೆರೆ

ನಡಿಗೆ ಬಿಟ್ಟು ಅಂಕಿ ಹಿಡಿಯೋಣ ಎಂಬ ವಿಚಾರ ಯುರೋಪಿನಲ್ಲಿ ಮೊದಲು ಗಟ್ಟಿಯಾಯಿತು. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1922ರಲ್ಲಿ ಬೆರಳ ತುದಿಯ ಕೆಲವು ಹನಿ ರಕ್ತದಿಂದಲೇ ಮದ್ಯಸಾರ ಅಳೆಯುವ ವಿಧಾನ ಕೊಟ್ಟರು. 1936ರಲ್ಲಿ ನಾರ್ವೆ ರಕ್ತದ ಮದ್ಯಸಾರಕ್ಕೆ ಕಾನೂನಿನಲ್ಲಿ ಮಿತಿ ಹಾಕಿತು. ಬ್ರಿಟನ್ 1967ರಲ್ಲಿ 80 ಮಿಲಿಗ್ರಾಂ ಎಂದಿತು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂದು ಗೆರೆ ಎಳೆಯುತ್ತದೆ.

ಆ ಗೆರೆ ದಾಟಿದರೆ ಮೊದಲ ಸಲ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ದಂಡ ಇಷ್ಟು ಏರಿದ್ದು 2019ರ ತಿದ್ದುಪಡಿಯಲ್ಲಿ. ಪತ್ರಿಕೆಗಳು ದಂಡದ ಮೊತ್ತವನ್ನೇ ದೊಡ್ಡದಾಗಿ ಬರೆದವು. ಅದೇ ತಿದ್ದುಪಡಿಯಲ್ಲಿ ಅದಕ್ಕಿಂತ ಮುಖ್ಯವಾದ ಒಂದು ಮಾತು ಸೇರಿತು. ಮೊದಲು ಕಲಮಿನಲ್ಲಿ ಇದ್ದದ್ದು ಉಸಿರು ಪರೀಕ್ಷೆಯ ಉಪಕರಣ ಒಂದೇ. ಈಗ ಪ್ರಯೋಗಾಲಯದ ಪರೀಕ್ಷೆಯೂ ಸೇರಿದಂತೆ ಬೇರೆ ಯಾವುದೇ ಪರೀಕ್ಷೆ ನಡೆಯುತ್ತದೆ. ಉಪಕರಣ ಕೈಗೆ ಸಿಗದ ಹಳ್ಳಿ ರಸ್ತೆಗಳಿಗೆ ಇದು ದೊಡ್ಡ ಬದಲಾವಣೆ.

ಇನ್ನು ಮೂವತ್ತು ಎಂದರೆ ಎಷ್ಟು? ವಿಡ್‌ಮಾರ್ಕರ ಲೆಕ್ಕವನ್ನೇ ಹಾಕೋಣ. ನಮ್ಮ ಅಂಗಡಿಗಳ ವಿಸ್ಕಿ, ರಮ್ ಬಾಟಲಿಗಳ ಮೇಲೆ ಶೇಕಡ 42.8 ಎಂದು ಅಚ್ಚಾಗಿರುತ್ತದೆ. ಒಂದು ಕ್ವಾರ್ಟರ್ ಅಂದರೆ 180 ಮಿಲಿಲೀಟರ್. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 77 ಮಿಲಿಲೀಟರ್, ತೂಕದಲ್ಲಿ ಸುಮಾರು 61 ಗ್ರಾಂ. ಕುಡಿದವನು 60 ಕಿಲೋ ತೂಗುವ ಗಂಡಸು ಎನ್ನಿ. ಗಂಡಸರಿಗೆ ವಿಡ್‌ಮಾರ್ಕ್ ಹೇಳಿದ ಗುಣಕ ಸರಾಸರಿ 0.68. 60ನ್ನು 0.68ರಿಂದ ಗುಣಿಸಿ, ಬಂದದ್ದರಿಂದ 61ನ್ನು ಭಾಗಿಸಿದರೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 150 ಮಿಲಿಗ್ರಾಂ ಬರುತ್ತದೆ. ಮಿತಿಯ ಐದು ಪಟ್ಟು. ದೇಹ ಅದನ್ನು ಕರಗಿಸುವುದು ತಾಸಿಗೆ ಸುಮಾರು 15 ಮಿಲಿಗ್ರಾಂನಂತೆ. ತಣ್ಣೀರು ಸುರಿದುಕೊಂಡರೂ ಕಡಕ್ ಚಹಾ ಕುಡಿದರೂ ಆ ವೇಗ ಏರದು. 150ರಿಂದ 30ಕ್ಕೆ ಇಳಿಯಲು ಎಂಟು ತಾಸು ಬೇಕು. ರಾತ್ರಿ ಹತ್ತಕ್ಕೆ ಕುಡಿದು ಮಲಗಿ ಬೆಳಗಿನ ಐದಕ್ಕೆ ಎದ್ದು ಟ್ರ್ಯಾಕ್ಟರ್ ಚಾಲೂ ಮಾಡುವವನು "ನಿನ್ನೆ ಕುಡದದ್ದು, ಇಳದೈತಿ" ಎಂದರೆ ಅವನ ತಲೆ ಒಪ್ಪೀತು, ರಕ್ತ ಒಪ್ಪುವುದಿಲ್ಲ. ಇದು ಅಂದಾಜು ಎನ್ನುವುದನ್ನು ಮರೆಯಬಾರದು. ಹೆಂಗಸರಿಗೆ ಗುಣಕ ಸುಮಾರು 0.55. ಊಟ ಮಾಡಿ ಕುಡಿದರೆ ಏರುವುದು ನಿಧಾನ, ಏರುವ ಮಟ್ಟವೂ ಕಡಿಮೆ. ಕರಗುವ ವೇಗ ತಾಸಿಗೆ 10ರಿಂದ 25ರ ತನಕ ಒಬ್ಬೊಬ್ಬರಿಗೆ ಒಂದೊಂದು ತರಹ.

ಉಸಿರು ಹೇಳುವುದು

ರಕ್ತ ಶ್ವಾಸಕೋಶದಲ್ಲಿ ಗಾಳಿಯನ್ನು ಮುಟ್ಟುವಾಗ ಅದರ ಮದ್ಯಸಾರದ ಒಂದು ನಿಶ್ಚಿತ ಪಾಲು ಆವಿಯಾಗಿ ಗಾಳಿಗೆ ಸೇರುತ್ತದೆ. ದ್ರವದ ಮೇಲಿನ ಗಾಳಿಯಲ್ಲಿ ಎಷ್ಟಿದೆ ಎಂದು ಗೊತ್ತಾದರೆ ದ್ರವದೊಳಗೆ ಎಷ್ಟಿದೆ ಎಂದು ಹೇಳಬಹುದು ಎಂಬ ಹೆನ್ರಿಯ ನಿಯಮ 1803ರಷ್ಟು ಹಳೆಯದು. 2,100 ಮಿಲಿಲೀಟರ್ ಆಳದ ಉಸಿರಿನಲ್ಲಿ ಇರುವಷ್ಟು ಮದ್ಯಸಾರ ಒಂದು ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಎಂದು ಲೆಕ್ಕ ಹಿಡಿದು ಉಪಕರಣಗಳನ್ನು ಮಾಡಿದ್ದಾರೆ. ನಮ್ಮ 30ರ ಮಿತಿ ಉಸಿರಿನಲ್ಲಿ ಲೀಟರಿಗೆ 0.14 ಮಿಲಿಗ್ರಾಂ ಆಗುತ್ತದೆ. ಉಪಕರಣ ನಿಜವಾಗಿ ಅಳೆಯುವುದು ಇದನ್ನೇ. ಪರದೆಯ ಮೇಲೆ ಕಾಣುವ ರಕ್ತದ ಅಂಕಿ ಗುಣಾಕಾರದಿಂದ ಬಂದದ್ದು.

ಅಮೆರಿಕದಲ್ಲಿ ರೋಲಾ ಹಾರ್ಗರ್ 1930ರ ದಶಕದಲ್ಲಿ ಬಲೂನಿಗೆ ಊದಿಸಿ, ಬಣ್ಣ ಮಾಸುವುದನ್ನು ನೋಡುವ ಡ್ರಂಕೋಮೀಟರ್ ತಂದರು. 1954ರಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ಬ್ರೆಥಲೈಸರ್ ಕಟ್ಟಿದರು. ಅದರಲ್ಲಿ ಹಳದಿ ಡೈಕ್ರೋಮೇಟ್ ದ್ರಾವಣ ಮದ್ಯಸಾರ ತಾಗಿದಷ್ಟೂ ಬಣ್ಣಗೆಡುತ್ತಿತ್ತು. ಈಗಿನ ಕೈಯಗಲದ ಉಪಕರಣಗಳಲ್ಲಿ ಪ್ಲಾಟಿನಂ ಲೇಪದ ಫ್ಯೂಯೆಲ್ ಸೆಲ್ ಇರುತ್ತದೆ. ಮದ್ಯಸಾರ ಅಲ್ಲಿ ಅಸಿಟಿಕ್ ಆಮ್ಲವಾಗುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಓದುತ್ತದೆ. ಮಧುಮೇಹ ಕೈಮೀರಿದವರ ಉಸಿರಿನ ಅಸಿಟೋನನ್ನು ಒಳ್ಳೆಯ ಫ್ಯೂಯೆಲ್ ಸೆಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಗ್ಗದ ಅರೆವಾಹಕ ಸೆನ್ಸರುಗಳು ಮೋಸಹೋಗಬಹುದು.

ಉಪಕರಣ ಎಷ್ಟೇ ಒಳ್ಳೆಯದಿರಲಿ, ಬಾಯಲ್ಲೇ ಉಳಿದ ಮದ್ಯಸಾರ ಅದನ್ನು ಕೆಡಿಸುತ್ತದೆ. ಆಗಷ್ಟೇ ಕುಡಿದ ಗುಟುಕು, ತೇಗು, ವಾಂತಿ, ಬಾಯಿ ಮುಕ್ಕಳಿಸುವ ಔಷಧಿ, ಹೋಮಿಯೋಪಥಿ ಹನಿ ಯಾವುದಾದರೂ ಇದ್ದರೆ ಕೆಲವು ನಿಮಿಷ ಅಂಕಿ ಹುಸಿಯಾಗಿ ಏರುತ್ತದೆ. ಅದಕ್ಕೆ ಮದ್ದು ಸರಳ. ಹದಿನೈದು ನಿಮಿಷ ಕಣ್ಣೆದುರು ಕೂರಿಸಿ, ಏನನ್ನೂ ತಿನ್ನಿಸದೆ ಕುಡಿಸದೆ, ಮತ್ತೆ ಊದಿಸುವುದು. ಪ್ರತಿ ಸಲ ಹೊಸ ಕೊಳವೆ, ಊದುವ ಮೊದಲು ಉಪಕರಣ ಸೊನ್ನೆ ತೋರಿಸಬೇಕು, ಗೊತ್ತಾದ ಪ್ರಮಾಣದ ಮದ್ಯಸಾರದಿಂದ ಅದನ್ನು ಕಾಲಕಾಲಕ್ಕೆ ತಾಳೆ ನೋಡಿದ ದಾಖಲೆ ಇರಬೇಕು. ವಕೀಲರು ಪಾಟಿಸವಾಲಿನಲ್ಲಿ ಮೊದಲು ಕೇಳುವುದೂ ಇವನ್ನೇ.

ಸೀಸೆಯೊಳಗೆ

ಉಸಿರು ಪರೀಕ್ಷೆ ರಸ್ತೆಗೆ ಸಾಕು. ಸಾವು ನೋವು ಆದ ಪ್ರಕರಣಕ್ಕೆ ರಕ್ತವೇ ಬೇಕು. ಗಾಯಾಳು ಊದಲಾರ, ಪ್ರಜ್ಞೆ ಇಲ್ಲದವನು ಮೊದಲೇ ಊದಲಾರ. ಕಾಯ್ದೆಯ 204ನೇ ಕಲಮು ರಕ್ತದ ಮಾದರಿಗೆ ದಾರಿ ಮಾಡಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ, ಚಿಕಿತ್ಸೆಗೆ ಅಡ್ಡಿಯಾಗುತ್ತದೆ ಎಂದು ವೈದ್ಯರು ಬೇಡ ಎಂದರೆ ತೆಗೆಯುವಂತಿಲ್ಲ. ಸರಿಯಾದ ಕಾರಣವಿಲ್ಲದೆ ಪರೀಕ್ಷೆಗೆ ಒಪ್ಪದಿದ್ದರೆ ಆ ನಿರಾಕರಣೆಯೇ ಎದುರು ಪಕ್ಷದ ಸಾಕ್ಷ್ಯಕ್ಕೆ ಬಲ ಕೊಡಬಹುದು ಎಂದು 205ನೇ ಕಲಮು ಹೇಳುತ್ತದೆ. ರಕ್ತ ತೆಗೆಯುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದಂತೆ ಅಲ್ಲವೆ ಎಂದು ಕೇಳುವವರಿದ್ದಾರೆ. ಬೆರಳಚ್ಚು, ಕೈಬರಹದಂಥ ದೈಹಿಕ ಕುರುಹು ಬೇರೆ, ಬಾಯಿಬಿಡಿಸುವುದು ಬೇರೆ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲಿ ಕಾಥಿ ಕಾಲು ಪ್ರಕರಣದಲ್ಲಿ ತೀರ್ಮಾನಿಸಿತು. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಮಂಪರು ಪರೀಕ್ಷೆಯ ಬಲವಂತವನ್ನು ತಳ್ಳಿಹಾಕುವಾಗಲೂ ಈ ಭೇದ ಹಾಗೆಯೇ ಉಳಿಯಿತು.

ಈಗ ರಕ್ತ ತೆಗೆಯುವ ಆ ನಿಮಿಷಕ್ಕೆ ಬರೋಣ. ರಾತ್ರಿ ಹನ್ನೊಂದು. ತಾಲೂಕು ಆಸ್ಪತ್ರೆ. ದಾದಿ ಸಿರಿಂಜು ಹಿಡಿಯುವ ಮೊದಲು ರೂಢಿಯ ಹಾಗೆ ಸ್ಪಿರಿಟಿನ ಹತ್ತಿಯಿಂದ ತೋಳು ಒರೆಸಿದರು. ಮದ್ಯಸಾರ ಅಳೆಯಬೇಕಾದ ರಕ್ತಕ್ಕೆ ಮದ್ಯಸಾರದಲ್ಲೇ ಬಾಗಿಲು ತೆರೆದಂತಾಯಿತು. ಅಂಕಿ ಬದಲಾಗದಿರಬಹುದು, ಆದರೆ ಆರೋಪಿಯ ವಕೀಲರಿಗೆ ಅಷ್ಟೇ ಸಾಕು. ಸಾಬೂನು ನೀರಿನಿಂದಲೋ ಮದ್ಯಸಾರವಿಲ್ಲದ ನಂಜುನಿರೋಧಕದಿಂದಲೋ ಒರೆಸಿ, "ಮದ್ಯಸಾರ ಬಳಸಿಲ್ಲ" ಎಂದು ಒಂದು ಸಾಲು ಬರೆದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಮುಂದಿನದು ಇನ್ನೂ ದೊಡ್ಡದು. ಮುನವಳ್ಳಿ ಹತ್ತಿರದ ರೇಣುಕಾ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಆಗುವುದೇನು? ಕಾಕಂಬಿಯಲ್ಲಿ ಉಳಿದ ಸಕ್ಕರೆಯನ್ನು ಯೀಸ್ಟ್ ತಿಂದು ಈಥೈಲ್ ಆಲ್ಕೋಹಾಲ್ ಮಾಡುತ್ತದೆ. ರಕ್ತದಲ್ಲೂ ಸಕ್ಕರೆ ಇದೆ. ಸೀಸೆಗೆ ಚರ್ಮದಿಂದಲೋ ಗಾಳಿಯಿಂದಲೋ ಯೀಸ್ಟೋ ಬ್ಯಾಕ್ಟೀರಿಯವೋ ಸೇರಿ, ಅದು ಠಾಣೆಯ ಬೀರುವಿನಲ್ಲಿ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ನಾಲ್ಕು ದಿನ ಕೂತರೆ ಅದೇ ಕ್ರಿಯೆ ಅಲ್ಲೂ ನಡೆಯಬಲ್ಲದು. ಒಂದು ಹನಿ ಕುಡಿಯದವನ ರಕ್ತದಲ್ಲಿ ಮದ್ಯಸಾರ ಹುಟ್ಟುತ್ತದೆ. ಇದನ್ನು ತಡೆಯುವುದು ಸೋಡಿಯಂ ಫ್ಲೋರೈಡ್ ಎಂಬ ಬಿಳಿ ಪುಡಿ. ಮಿಲಿಲೀಟರ್ ರಕ್ತಕ್ಕೆ 10 ಮಿಲಿಗ್ರಾಂ ಬೇಕು. ಹೆಪ್ಪುಗಟ್ಟದಿರಲು ಜೊತೆಗೆ ಪೊಟ್ಯಾಶಿಯಂ ಆಕ್ಸಲೇಟ್. ಸಕ್ಕರೆ ಕಾಯಿಲೆ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ನಳಿಕೆಯಲ್ಲೂ ಫ್ಲೋರೈಡ್ ಇರುತ್ತದೆ, ಆದರೆ ಸಾಮಾನ್ಯವಾಗಿ ಅದರ ಕಾಲು ಭಾಗದಷ್ಟು. ಪುಡಿ ಹಾಕಿದ ಮೇಲೆ ಸೀಸೆಯನ್ನು ಹತ್ತು ಸಲ ಮೆಲ್ಲಗೆ ತಿರುವಿಹಾಕಬೇಕು, ಇಲ್ಲದಿದ್ದರೆ ಪುಡಿ ತಳದಲ್ಲೇ ಕೂರುತ್ತದೆ. ಸೀಸೆ ಅರ್ಧ ಖಾಲಿ ಬಿಟ್ಟರೆ, ಮುಚ್ಚಳ ಸಡಿಲವಿದ್ದರೆ ಇದ್ದ ಮದ್ಯಸಾರ ಹಾರಿಹೋಗುತ್ತದೆ. ಹೀಗೆ ಒಂದೇ ಅಲಕ್ಷ್ಯ ಒಮ್ಮೆ ನಿರಪರಾಧಿಯನ್ನು ಸಿಕ್ಕಿಸುತ್ತದೆ, ಒಮ್ಮೆ ಅಪರಾಧಿಯನ್ನು ಬಿಡಿಸುತ್ತದೆ.

ಮರಣೋತ್ತರ ಪರೀಕ್ಷೆಯಲ್ಲಿ ಎಚ್ಚರ ಇಮ್ಮಡಿ ಬೇಕು. ಕೊಳೆಯತೊಡಗಿದ ದೇಹ ತಾನೇ ಮದ್ಯಸಾರ ಮಾಡಿಕೊಳ್ಳುತ್ತದೆ. ಹೊಟ್ಟೆ ಒಡೆದಿದ್ದರೆ ಎದೆಗೂಡಿನ ರಕ್ತಕ್ಕೆ ಹೊಟ್ಟೆಯ ಮದ್ಯ ಬೆರೆಯುತ್ತದೆ. ಆದ್ದರಿಂದ ತೊಡೆಯ ರಕ್ತನಾಳದ ರಕ್ತ, ಜೊತೆಗೆ ತಾಳೆ ನೋಡಲು ಕಣ್ಣುಗುಡ್ಡೆಯೊಳಗಿನ ದ್ರವ ತೆಗೆಯುವುದು ಒಳ್ಳೆಯ ಪದ್ಧತಿ.

ಪ್ರಯೋಗಾಲಯಕ್ಕೆ ಸೀಸೆ ಸರಿಯಾಗಿ ತಲುಪಿದರೆ ಮುಂದಿನ ಕೆಲಸದ ಬಗ್ಗೆ ನನಗೆ ಹೆಚ್ಚು ಅಂಜಿಕೆ ಇಲ್ಲ. ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ ರಕ್ತವನ್ನು ಬಿಗಿಮುಚ್ಚಿದ ಪುಟ್ಟ ಬಾಟಲಿಯಲ್ಲಿ ಬಿಸಿ ಮಾಡಿ, ಮೇಲಿನ ಆವಿಯನ್ನಷ್ಟೇ ಸೂಜಿಯಿಂದ ಎಳೆದು ಉದ್ದನೆಯ ಸಪೂರ ಕೊಳವೆಗೆ ಬಿಡುತ್ತಾರೆ. ಉಸಿರಿಗೆ ಅನ್ವಯಿಸಿದ ಹೆನ್ರಿಯ ನಿಯಮವೇ ಇಲ್ಲೂ ನಡೆಯುತ್ತದೆ. ಮೆಥನಾಲ್, ಅಸಿಟೋನ್, ಈಥೈಲ್ ಆಲ್ಕೋಹಾಲ್ ಒಂದೊಂದೂ ತನ್ನ ಹೊತ್ತಿಗೆ ಹೊರಬಂದು ಕಾಗದದ ಮೇಲೆ ತನ್ನದೇ ಶಿಖರ ಬರೆಯುತ್ತದೆ. ಗೊತ್ತಾದ ಪ್ರಮಾಣದ ಪ್ರೊಪನಾಲನ್ನು ಮೊದಲೇ ಬೆರೆಸಿ ಅದರ ಶಿಖರದೊಡನೆ ಹೋಲಿಸುತ್ತಾರೆ. ಬೇರೆ ಗುಣದ ಇನ್ನೊಂದು ಕೊಳವೆಯಲ್ಲಿ ಮತ್ತೊಮ್ಮೆ ಓಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಚಿಕಿತ್ಸೆಗೆಂದು ಆಸ್ಪತ್ರೆಯವರು ಮಾಡುವ ಪರೀಕ್ಷೆ ಹಾಗಲ್ಲ. ಅದು ಬಹುತೇಕ ರಕ್ತದ ಸೀರಮ್ಮಿನದು, ಇಡೀ ರಕ್ತಕ್ಕಿಂತ ಸುಮಾರು ಶೇಕಡ 15 ಹೆಚ್ಚು ತೋರಿಸುತ್ತದೆ. 33 ಎಂದು ಆಸ್ಪತ್ರೆಯ ಚೀಟಿಯಲ್ಲಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಆತ 30ರ ಒಳಗೇ ಇರಬಹುದು.

ತಾಸುಗಳ ಲೆಕ್ಕ

ಸಮಯ ಯಾರಿಗೂ ಕಾಯುವುದಿಲ್ಲ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಅಪಘಾತದ ಹೊತ್ತಿಗೆ 60 ಮಿಲಿಗ್ರಾಂ ಇದ್ದವನು ಎರಡು ತಾಸಿನಲ್ಲಿ ಮಿತಿಯ ಹೊಸ್ತಿಲಿಗೆ ಬರುತ್ತಾನೆ, ನಾಲ್ಕು ತಾಸಿನಲ್ಲಿ ಸೊನ್ನೆಗೆ. 202ನೇ ಕಲಮು ದಸ್ತಗಿರಿಯಾದ ಎರಡು ತಾಸಿನೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಡಬೇಕು ಎನ್ನುತ್ತದೆ. ಕಾಯ್ದೆ ಎಣಿಸುವುದು ದಸ್ತಗಿರಿಯಿಂದ, ದೇಹ ಎಣಿಸುವುದು ಕೊನೆಯ ಗುಟುಕಿನಿಂದ. ಓಡಿಹೋಗಿ ಮರುದಿನ ವಕೀಲರ ಜೊತೆ ಠಾಣೆಗೆ ಬರುವವನಿಗೆ ಈ ಅಂತರ ಚೆನ್ನಾಗಿ ಗೊತ್ತು. 2019ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ಪತ್ರಕರ್ತರೊಬ್ಬರು ಸತ್ತ ಅಪಘಾತದಲ್ಲಿ ರಕ್ತ ತೆಗೆದದ್ದು ಅನೇಕ ತಾಸುಗಳ ನಂತರ, ಮದ್ಯಸಾರ ಸಿಗಲಿಲ್ಲ. ಆ ವರದಿ ಆ ಹೊತ್ತಿನದನ್ನು ಹೇಳಿತೇ ಹೊರತು ಅಪಘಾತದ ಹೊತ್ತಿನದನ್ನಲ್ಲ.

ಹಿಂದಕ್ಕೆ ಲೆಕ್ಕ ಹಾಕಬಹುದಲ್ಲ ಎಂದು ಹುಡುಗರು ಕೇಳುತ್ತಾರೆ. ಹಾಕಬಹುದು, ಆದರೆ ಕೊನೆಯ ಗುಟುಕು ಯಾವಾಗ, ಊಟ ಆಗಿತ್ತೆ ಎಂಬುದು ತಿಳಿದಿರಬೇಕು, ಅಂಕಿ ಇಳಿಮುಖದಲ್ಲಿತ್ತು ಎಂದು ಖಚಿತವಿರಬೇಕು. ಆಗಷ್ಟೇ ಕುಡಿದು ಹೊರಟವನ ಅಂಕಿ ಇನ್ನೂ ಏರುತ್ತಿರುತ್ತದೆ. ಅವನ ವಿಷಯದಲ್ಲಿ ಹಿಂದಿನ ಲೆಕ್ಕ ಹಾಕಿದರೆ ಇಲ್ಲದ ಅಪರಾಧ ಹೊರಿಸಿದಂತೆ. ತಡವಾದ ಪರೀಕ್ಷೆಯನ್ನು ಗಣಿತ ಪೂರ್ತಿ ರಿಪೇರಿ ಮಾಡಲಾರದು.

ಸೀಸೆಯ ದಾರಿ

ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದು ಕೊನೆಯ ಪ್ರಶ್ನೆ. 1999ರ ದೆಹಲಿಯ ಬಿಎಂಡಬ್ಲ್ಯು ಪ್ರಕರಣದಲ್ಲಿ 115 ಮಿಲಿಗ್ರಾಂ, 2006ರ ಮುಂಬಯಿಯ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ 112 ಮಿಲಿಗ್ರಾಂ ಎಂಬ ಅಂಕಿಗಳು ಸುಪ್ರೀಂ ಕೋರ್ಟಿನ ತನಕ ನಿಂತವು. 2002ರ ಬಾಂದ್ರಾ ಅಪಘಾತದ ಸಲ್ಮಾನ್ ಖಾನ್ ಪ್ರಕರಣದಲ್ಲಿ 62 ಮಿಲಿಗ್ರಾಂ ಎಂದು ವರದಿ ಇತ್ತು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿದಾಗ ರಕ್ತದ ಮಾದರಿ ಸಾಗಿದ ದಾರಿಯ ಬಗ್ಗೆಯೂ ಸಂಶಯ ಪಟ್ಟಿತು. 2024ರ ಮೇ ತಿಂಗಳ ಪುಣೆಯ ಪೋರ್ಷೆ ಅಪಘಾತದಲ್ಲಿ ಸೀಸೆಯೊಳಗಿನ ರಕ್ತವನ್ನೇ ಬದಲಿಸಿದ ಆರೋಪದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಂಧನವಾಯಿತು. ಯಂತ್ರ ತನಗೆ ಕೊಟ್ಟ ರಕ್ತವನ್ನು ಸರಿಯಾಗಿಯೇ ಅಳೆಯುತ್ತದೆ, ಅದು ಯಾರ ರಕ್ತ ಎಂದು ಅದಕ್ಕೆ ತಿಳಿಯದು.

ಪರೀಕ್ಷೆ ಇಲ್ಲದಿದ್ದರೆ ಎಲ್ಲವೂ ಮುಗಿಯಿತೆ? 2021ರಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆ ಆಗದಿದ್ದರೂ ಬೇರೆ ಸಾಕ್ಷ್ಯದಿಂದ ಅಮಲನ್ನು ವಿಮಾ ಕಂಪನಿ ಸಾಬೀತು ಮಾಡಬಹುದು ಎಂದಿತು. ಅದು ವಿಮೆಯ ವ್ಯಾಜ್ಯ. 185ನೇ ಕಲಮಿನ ಶಿಕ್ಷೆಗೆ 30ರ ಅಂಕಿ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ, ಕುಡಿದು ನಡೆಸಿದ್ದನ್ನು ವಿಮಾ ಕಂಪನಿ ತನ್ನ ರಕ್ಷಣೆಯ ವಾದಗಳಲ್ಲಿ ಒಂದಾಗಿ ಎತ್ತಲು ಅವಕಾಶ ಸಿಕ್ಕಿದೆ. ಹೀಗಾಗಿ ಆ ಅಂಕಿ ಚಾಲಕನ ಮನೆಯ ಹೊಲವನ್ನೂ ಸತ್ತವನ ಮನೆಯ ಪರಿಹಾರವನ್ನೂ ಮುಟ್ಟುತ್ತದೆ.

ನಮ್ಮಲ್ಲಿ ಆಗಬೇಕಾದ್ದು

ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಆದರೆ ಮುನವಳ್ಳಿಗೆ ಬೆಳಗಾವಿ ಕೂಗಳತೆಯ ದೂರದಲ್ಲಿಲ್ಲ. ಆದ್ದರಿಂದ ಬೇಡಿಕೆಗಳನ್ನು ಇಲ್ಲಿಗೇ ಹೊಂದುವಂತೆ ಇಡುತ್ತೇನೆ. ತಾಲೂಕು ಆಸ್ಪತ್ರೆಯಲ್ಲಿ ಹಗಲಿರುಳು ಕೈಗೆ ಸಿಗುವಂತೆ ತಯಾರು ಪೆಟ್ಟಿಗೆಗಳಿರಲಿ. ಅದರಲ್ಲಿ ಫ್ಲೋರೈಡ್ ಹಾಕಿದ ಎರಡು ಸೀಸೆ, ಮದ್ಯಸಾರವಿಲ್ಲದ ಒರೆಸುವ ಬಟ್ಟೆ, ಅರಗು, ಚೀಟಿ, ತುಂಬಬೇಕಾದ ನಮೂನೆ ಇರಲಿ. ಠಾಣೆಯ ಬೀರುವಿನ ಬದಲು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಬೀಗ ಹಾಕಿದ ಒಂದು ಖಾನೆ ಇರಲಿ. ರಕ್ತ ತೆಗೆದ ಗಂಟೆ ನಿಮಿಷ, ಅಪಘಾತದ ಗಂಟೆ ನಿಮಿಷ, ಎರಡೂ ಒಂದೇ ಹಾಳೆಯಲ್ಲಿ ದಾಖಲಾಗಲಿ. ಸೀಸೆ ಕೈ ಬದಲಾದಾಗಲೆಲ್ಲ ಒಂದು ಸಹಿ ಬೀಳಲಿ. ಜಾತ್ರೆ ಮತ್ತು ಕಬ್ಬಿನ ಹಂಗಾಮಿಗೆ ಮುಂಚೆ ಉಪಕರಣಗಳನ್ನು ತಾಳೆ ನೋಡಿಸಲಿ. ಇದಕ್ಕೆಲ್ಲ ಹೊಸ ಕಾಯ್ದೆ ಬೇಡ, ದೊಡ್ಡ ರೊಕ್ಕವೂ ಬೇಡ.

ಊರಿನವರಿಗೂ ಒಂದು ಕೆಲಸವಿದೆ. ಅಪಘಾತವಾದಾಗ ಚಾಲಕನನ್ನು ಹೊಡೆಯುವುದು ಬೇಡ, ಓಡಿಸಿಬಿಡುವುದೂ ಬೇಡ. ಬೇಗ ಆಸ್ಪತ್ರೆಗೆ ಮುಟ್ಟಿಸಿ, ಪರೀಕ್ಷೆ ಆಯಿತೆ ಎಂದು ಕೇಳಿ, ಹೊತ್ತು ಬರೆದುಕೊಳ್ಳಿ. ಅವನು ನಿಮ್ಮ ಮನೆಯವನೇ ಆಗಿದ್ದರೂ ಹೀಗೇ ಮಾಡಿ. ಕುಡಿಯದಿದ್ದರೆ ಅವನನ್ನು ಕಾಯುವುದು ಇದೇ ಸೀಸೆ. ಕುಡಿದಿದ್ದರೆ, ಸತ್ತವನ ಮನೆಯವರಿಗೆ ಕಾನೂನು ಸಲ್ಲಿಸಬೇಕಾದ ಉತ್ತರವೂ ಇದೇ ಸೀಸೆಯಲ್ಲಿದೆ.